ಬಳ್ಳಾರಿ ಜಾಲಿಯ ಊರು ಯಾವುದು?

ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆ ಹೊರಟರೆ ರಸ್ತೆಯ ಎರಡೂ ಬದಿಗೆ, ನೀರಿಲ್ಲದ ಕೆರೆಯಂಗಳದ ತುಂಬ, ಬೀಳುಬಿದ್ದ ಹೊಲದ ಬದುವಿನ ಮೇಲೆ ಒಂದೇ ಗಿಡ. ಅದರ ಕಾಯಿ ಕುರಿ ಮೇಕೆಗೆ ಬೇಕು, ಕಟ್ಟಿಗೆ ಒಲೆಗೆ ಬೇಕು, ಬೊಡ್ಡೆ ಇದ್ದಿಲು ಸುಡುವವರಿಗೆ ಬೇಕು. ಆದರೂ ಅದನ್ನು ಬೈಯದ ರೈತನಿಲ್ಲ. ಹೆಸರು ಬಳ್ಳಾರಿ ಜಾಲಿ. ಬಳ್ಳಾರಿಯವರು ಏನು ಪಾಪ ಮಾಡಿದ್ದರೋ! ಆ ಗಿಡದ ಹುಟ್ಟೂರು ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಬ್ರಿಟಿಷರ ಕಾಲದ ಅರಣ್ಯದವರು ಬರಡು ನೆಲ ಹಸಿರಾಗಲಿ, ಸೌದೆ ಸಿಗಲಿ ಎಂದು ಬೀಜ ತರಿಸಿದರು. ಮುಂದಿನದ್ದನ್ನು ಮೇಕೆಗಳು ನೋಡಿಕೊಂಡವು.

ಇದೇ ಗಿಡ ತಮಿಳುನಾಡಿನಲ್ಲಿ ಸೀಮೈ ಕರುವೇಲಂ. ರಾಜಸ್ಥಾನದಲ್ಲಿ ವಿಲಾಯತಿ ಬಬೂಲ್. ಮೊಳಕಾಲ್ಮೂರಿನಾಚೆ ರಾಯದುರ್ಗದ ಗಡಿ ದಾಟಿ ತೆಲುಗು ಸೀಮೆಗೆ ಕಾಲಿಟ್ಟರೆ ಸರ್ಕಾರು ತುಮ್ಮ. ಗುಜರಾತಿನಲ್ಲಿ ಗಾಂಡೋ ಬಾವಳ್, ಅಂದರೆ ಹುಚ್ಚುಜಾಲಿ. ಒಬ್ಬರಿಗೆ ಅದು ಇಂಗ್ಲೆಂಡಿನದು, ಒಬ್ಬರಿಗೆ ಸರ್ಕಾರದ್ದು, ನಮಗೆ ಪಕ್ಕದ ಜಿಲ್ಲೆಯದು. ಮೆಕ್ಸಿಕೊದ ಹೆಸರನ್ನು ಯಾರೂ ಎತ್ತುವುದಿಲ್ಲ. ಯಾವ ಬಾಗಿಲಿನಿಂದ ಒಳಗೆ ಬಂತೋ ಆ ಬಾಗಿಲಿನ ಹೆಸರನ್ನೇ ಅದರ ತಲೆಗೆ ಕಟ್ಟಿದ್ದೇವೆ.

ಈ ಚಾಳಿ ನಮ್ಮದು ಮಾತ್ರವಲ್ಲ. ಹೊರಗಿನದ್ದಕ್ಕೆ ಹೆಸರಿಡುವುದರಲ್ಲಿ ಚೀನಿಯರು ಮತ್ತು ಜಪಾನಿಯರು ನಮಗಿಂತ ಎರಡು ಹೆಜ್ಜೆ ಮುಂದಿದ್ದಾರೆ. ಅವರ ಲೆಕ್ಕ ನೋಡಿದ ಮೇಲೆ ನಮ್ಮ ಲೆಕ್ಕ ಸರಿಯಾಗಿ ಕಾಣುತ್ತದೆ.

ಸಿಹಿಗೆಣಸನ್ನೇ ನೋಡಿ. ಅದೂ ಅಮೆರಿಕದ ಬೆಳೆ. ಚೀನಾಕ್ಕೆ ಬಂದಾಗ ಅವರು ಫಾನ್‌ಶೂ ಎಂದರು. ಫಾನ್ ಅಂದರೆ ಹೊರನಾಡಿನವರು, ಅದರಲ್ಲೂ ನಾಗರಿಕತೆ ಸಾಲದವರು ಎಂಬ ಭಾವ. ಚೀನಾದಿಂದ 1605ರಲ್ಲಿ ಅದು ರ್‍ಯೂಕ್ಯೂ ದ್ವೀಪಗಳಿಗೆ ಹೋಯಿತು, ಅಲ್ಲಿಂದ ಜಪಾನಿನ ದಕ್ಷಿಣ ತುದಿಯ ಸತ್ಸುಮಾಕ್ಕೆ. ಸತ್ಸುಮಾದವರು ಅದನ್ನು ಕಾರಾ ಇಮೋ, ಚೀನಾ ಗೆಣಸು ಎಂದು ಕರೆದರು. ಸತ್ಸುಮಾದಿಂದ ಎದೋ ಪಟ್ಟಣಕ್ಕೆ, ಅಂದರೆ ಇಂದಿನ ಟೋಕಿಯೊಗೆ ಬಂದಾಗ ಅಲ್ಲಿನವರ ಬಾಯಲ್ಲಿ ಅದು ಸತ್ಸುಮಾ ಇಮೋ ಆಯಿತು. ಗೆಣಸು ಒಂದೇ, ಪ್ರತಿ ಊರೂ ಹಿಂದಿನ ಊರಿನ ಕಡೆಗೆ ಬೆರಳು ತೋರಿಸುತ್ತದೆ. ಆಲೂಗಡ್ಡೆ ಜಕಾರ್ತದ ಹೆಸರಿನಿಂದ ಜಗಾಇಮೋ ಆಯಿತು. ಕುಂಬಳ ಕಾಂಬೋಡಿಯದ ಹೆಸರಿನಿಂದ ಕಬೋಚಾ. ಅದೇ ಸಿಹಿಗುಂಬಳವನ್ನು ನಮ್ಮ ಮಲೆನಾಡು, ಕರಾವಳಿಯ ಕೆಲವು ಮನೆಗಳಲ್ಲಿ ಚೀನಿಕಾಯಿ ಎನ್ನುತ್ತಾರೆ! ಮೆಣಸಿನಕಾಯಿ ಜಪಾನಿನಲ್ಲಿ ತೋಗರಾಶಿ, ಅಂದರೆ ತಾಂಗ್ ದೇಶದ, ಎಂದರೆ ಚೀನಾದ, ಸಾಸಿವೆ. ನಮ್ಮ ಸಹ್ಯಾದ್ರಿಯ ಕರಿಮೆಣಸು ಚೀನಾದಲ್ಲಿ ಹೂಜ್ಯಾವ್. ಹೂ ಎಂದರೆ ಅವರ ವಾಯವ್ಯ ಗಡಿಯಾಚೆಯ ಕುದುರೆ ಸವಾರ ಜನ. ಶಿರಸಿಯ ತೋಟದವರು ಯಾವ ಕುದುರೆ ಏರಿದ್ದರೋ ಕಾಣೆ.

ಚಳ್ಳಕೆರೆಯ ಎಣ್ಣೆ ಗಿರಣಿಗಳ ಮುಂದೆ ನಿಂತಾಗ ಈ ಕಥೆಗೆ ಇನ್ನೊಂದು ಮಗ್ಗುಲು ಕಾಣುತ್ತದೆ. ಈ ಊರಿಗೆ ಎಣ್ಣೆ ನಗರ ಎಂಬ ಹೆಸರು ತಂದುಕೊಟ್ಟ ಕಡಲೆಕಾಯಿ ಅಪ್ಪಟ ದಕ್ಷಿಣ ಅಮೆರಿಕದ್ದು. ಬಂಗಾಳಿಗಳು ಅದನ್ನು ಚೀನಾ ಬಾದಾಮ್ ಎನ್ನುತ್ತಾರೆ. ಜಪಾನಿಯರು ನಾನ್‌ಕಿನ್ ಮಾಮೆ ಎಂದರು, ಚೀನಾದ ನಾನ್‌ಜಿಂಗ್ ನಗರದ ಕಾಳು ಎಂದು. ದಕ್ಷಿಣ ಚೀನಾದ ಕೆಲವೆಡೆ ಅದು ಫಾನ್ ದೌ, ಮತ್ತೆ ಅದೇ ಹೊರಗಿನವರ ಕಾಳು. ನಮ್ಮವರು ಏನೆಂದರು? ಕಡ್ಲೆ ಎಂದರು. ನೆಲದೊಳಗೆ ಬಿಟ್ಟ ಕಡಲೆ, ಅಷ್ಟೇ. ಸೀಮೆ ಕಡಲೆ ಎನ್ನಬಹುದಿತ್ತು, ಪರಂಗಿ ಕಡಲೆ ಎನ್ನಬಹುದಿತ್ತು, ಎನ್ನಲಿಲ್ಲ. ವರ್ಷಕ್ಕೆ 500 ಮಿಲಿಮೀಟರ್ ಮಳೆಯೂ ಆಗದ ಈ ಕೆಂಪು ನೆಲದಲ್ಲಿ ಕೈಹಿಡಿದ ಬೆಳೆಗೆ ಯಾವ ರೈತ ಪರಕೀಯ ಎಂಬ ಹಣೆಪಟ್ಟಿ ಹಚ್ಚುತ್ತಾನೆ? ಇಲ್ಲಿ ಬಹುಕಾಲ ಬಿತ್ತಿದ ತಳಿ ಟಿಎಂವಿ-2. ಅದರಲ್ಲಿರುವ ‘ಟಿ’ ತಮಿಳುನಾಡಿನ ತಿಂಡಿವನಂ. ಅದನ್ನೂ ಯಾರೂ ತಮಿಳು ಬೀಜ ಎಂದು ದೂರ ಇಡಲಿಲ್ಲ. ಮೆಣಸಿನಕಾಯಿಯ ವಿಷಯದಲ್ಲೂ ಹಾಗೆಯೇ. ಜಪಾನಿಯರು ಅದಕ್ಕೆ ಪರದೇಶದ ಬಾಲ ಅಂಟಿಸಿದಾಗ ಕನ್ನಡದವರು ಮನೆಯ ಮೆಣಸಿನ ಹೆಸರನ್ನೇ ಕೊಟ್ಟು ಒಳಗೆ ಕರೆದುಕೊಂಡರು.

ಮೊಳಕಾಲ್ಮೂರಿನ ಮಗ್ಗದ ಮನೆಗಳಲ್ಲೂ ಇದೇ ಔದಾರ್ಯ. ನೇಕಾರರು ಗುಳಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವ ಸೀರೆಯ ರೇಷ್ಮೆ ಮೂಲದಲ್ಲಿ ಚೀನಾದ ವಿದ್ಯೆ. ಸಂಸ್ಕೃತದವರು ಅದನ್ನು ಚೀನಾಂಶುಕ ಎಂದೇ ಕರೆದಿದ್ದರು. ಜರಿಗೆ ಹೆಸರುವಾಸಿಯಾದ ಊರು ಸೂರತ್ತು, ಜರಿ ಎಂಬ ಮಾತು ಪಾರಸಿಯದು. ಕರ್ನಾಟಕದ ರೇಷ್ಮೆಗೆ ಜಪಾನಿನ ಋಣವೂ ಇದೆ: 19ನೇ ಶತಮಾನದ ಕೊನೆಯಲ್ಲಿ ಜಮಶೇಟ್‌ಜಿ ಟಾಟಾ ಬೆಂಗಳೂರಿನ ಬಸವನಗುಡಿಯ ಬಳಿ ರೇಷ್ಮೆ ತೋಟ ಶುರುಮಾಡಿದಾಗ ಕೆಲಸ ಕಲಿಸಲು ಜಪಾನಿನಿಂದ ಬಂದದ್ದು ಓಡ್ಜು ದಂಪತಿ. ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯ ಹೆಸರು ಇಂದಿಗೂ ಉಳಿದಿದೆ, ಓಡ್ಜು ಹೆಸರು ಹೇಳುವವರು ಕಡಿಮೆ. ಇಷ್ಟೆಲ್ಲ ಕಡೆಯ ಋಣ ಹೊತ್ತ ಬಟ್ಟೆ ಕೊನೆಗೆ ಮೊಳಕಾಲ್ಮೂರು ಸೀರೆ. ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿದೆ. ಸರಿಯೇ ಇದೆ.

ಹೊಟ್ಟೆಗೆ, ಮೈಗೆ ಬೇಕಾದದ್ದರ ವಿಷಯದಲ್ಲಿ ನಾವು ಇಷ್ಟು ದೊಡ್ಡ ಮನಸ್ಸಿನವರು. ಮನುಷ್ಯನ ವಿಷಯಕ್ಕೆ ಬಂದಾಗ ಏನಾಗುತ್ತದೆ?

ಹಳೆಯ ಚೀನಿಯರು ತಮ್ಮದನ್ನು ನಡುನಾಡು ಎಂದುಕೊಂಡಿದ್ದರು. ಸುತ್ತಲಿನವರಿಗೆ ದಿಕ್ಕಿಗೊಂದು ಹೆಸರು: ಮೂಡಣದವರು ಯೀ, ತೆಂಕಣದವರು ಮಾನ್, ಪಡುವಣದವರು ರೋಂಗ್, ಬಡಗಣದವರು ದೀ. ಬರವಣಿಗೆಯಲ್ಲಿ ಮಾನ್ ಅಕ್ಷರಕ್ಕೆ ಹುಳುವಿನ ಗುರುತು ಸೇರಿದೆ, ದೀ ಅಕ್ಷರಕ್ಕೆ ನಾಯಿಯದು. ಜಪಾನಿಯರನ್ನು ಅವರು ಬಹುಕಾಲ ವಾ ಎಂದು ಕರೆದರು. ಆ ಅಕ್ಷರಕ್ಕೆ ಕುಳ್ಳರು ಎಂಬ ಅರ್ಥವೂ ಅಂಟಿಕೊಂಡಿತ್ತು. ಅದು ಹಿಡಿಸದೆ ಜಪಾನಿಯರು ಅದೇ ಉಚ್ಚಾರದ ಬೇರೆ ಅಕ್ಷರ ಆರಿಸಿಕೊಂಡರು, ಆಮೇಲೆ ಸೂರ್ಯ ಮೂಡುವ ನಾಡು ಎಂದು ಹೊಸ ಹೆಸರನ್ನೇ ಇಟ್ಟುಕೊಂಡರು. ಗೊತ್ತಿಲ್ಲದವರನ್ನು ಕುಳ್ಳರನ್ನಾಗಿ ಮಾಡುವುದು ನಮಗೂ ಹೊಸದಲ್ಲ. ಹಿರೇಬೆಣಕಲ್ಲಿನ ಬೃಹತ್ ಶಿಲಾಗೋರಿಗಳನ್ನು ಜನ ಮೋರ್ಯರ ಮನೆ ಎನ್ನುತ್ತಾರೆ. ಆ ಮೋರ್ಯರು ಗೇಣುದ್ದದ ಜನ ಎಂದೇ ಕಥೆ.

ಬೈಸಿಕೊಂಡ ಜಪಾನಿಯರು ತಮ್ಮ ಸರದಿ ಬಂದಾಗ ಸುಮ್ಮನಿರಲಿಲ್ಲ. 1543ರಲ್ಲಿ ತಾನೆಗಾಶಿಮಾ ದ್ವೀಪಕ್ಕೆ ಬಂದೂಕು ಹಿಡಿದು ಬಂದಿಳಿದ ಪೋರ್ಚುಗೀಸರು ಅವರಿಗೆ ನಾನ್‌ಬಾನ್, ತೆಂಕಣದ ಅನಾಗರಿಕರು. ಚೀನಿಯರ ‘ಮಾನ್’ ಅಕ್ಷರವೇ ಜಪಾನಿನಲ್ಲಿ ‘ಬಾನ್’. ಗೋವಾ, ಮಲಾಕ್ಕಾ ದಾಟಿ ದಕ್ಷಿಣದ ಸಮುದ್ರದಿಂದ ಬಂದದ್ದರಿಂದ ತೆಂಕಣದವರು. ಡಚ್ಚರು ಕೋಮೋ, ಕೆಂಗೂದಲಿನವರು. ಇದರಲ್ಲಿ ಒಂದು ತಮಾಷೆ ನಮಗೆ ಸೇರಬೇಕಾದದ್ದು. 1549ರಲ್ಲಿ ಕಾಗೋಶಿಮಾಕ್ಕೆ ಕ್ರೈಸ್ತಮತ ಸಾರಲು ಹೋದ ಫ್ರಾನ್ಸಿಸ್ ಕ್ಸೇವಿಯರ್ ಗೋವಾದಿಂದ ಬಂದವರು ಎಂದು ತಿಳಿದ ಜಪಾನಿಯರು ಅವರನ್ನು ತೆಂಜಿಕು ದೇಶದವರು ಎಂದುಕೊಂಡರು. ತೆಂಜಿಕು ಎಂದರೆ ಭಾರತ, ಬುದ್ಧನ ನಾಡು. ಸ್ಪೇನಿನ ನವಾರದಲ್ಲಿ ಹುಟ್ಟಿದ ಪಾದ್ರಿ ಬಾಗಿಲಿನ ದೆಸೆಯಿಂದ ನಮ್ಮವರಾಗಿಬಿಟ್ಟರು!

ಚೀನಾದಲ್ಲಿ ಈ ಹೆಸರಿನ ಜಗಳ ಒಪ್ಪಂದದ ಕಾಗದಕ್ಕೂ ಏರಿತು. ಅಫೀಮು ಯುದ್ಧಗಳ ಕಾಲ. ಭಾರತದಲ್ಲಿ ಬೆಳೆದ ಅಫೀಮನ್ನು ಮಾರಲು ತೋಪು ಹಿಡಿದು ಹೋದ ಬ್ರಿಟಿಷರು 1858ರ ತಿಯಾಂಜಿನ್ ಒಪ್ಪಂದದ 51ನೇ ಕಲಮಿನಲ್ಲಿ ಇನ್ನು ಮುಂದೆ ಚೀನಾದ ಸರ್ಕಾರಿ ಕಾಗದಪತ್ರಗಳಲ್ಲಿ ಬ್ರಿಟನ್ನಿಗೆ, ಅದರ ಪ್ರಜೆಗಳಿಗೆ ಯೀ ಎಂಬ ಅಕ್ಷರ ಬಳಸಕೂಡದು ಎಂದು ಬರೆಸಿಕೊಂಡರು. ಊರಿಗೆಲ್ಲ ವಿಷ ಉಣಿಸುವವರಿಗೆ ಮರ್ಯಾದೆಯ ಚಿಂತೆ! ಅಧಿಕಾರಿಗಳು ಯೀ ಬಿಟ್ಟು ಯಾಂಗ್ ಬರೆದರು. ಯಾಂಗ್ ಎಂದರೆ ಸಮುದ್ರ, ಕಡಲಾಚೆಯದು. ಜನ ಅದಕ್ಕೆ ಗ್ವೇಜ಼ ಸೇರಿಸಿ ಕಡಲಾಚೆಯ ದೆವ್ವ ಮಾಡಿದರು. ಕಾನೂನಿನಿಂದ ಅಕ್ಷರ ಅಳಿಸಬಹುದು, ತೋಪಿನ ಬಾಯಿಗೆ ಸಿಕ್ಕವನ ನಾಲಿಗೆಯನ್ನು ತಿದ್ದುವುದು ಹೇಗೆ? ಆ ಯಾಂಗ್ ಮುಂದೆ ಸಾಮಾನುಗಳಿಗೂ ಹತ್ತಿತು. ಬೆಂಕಿಕಡ್ಡಿ ಯಾಂಗ್ ಹ್ವೋ, ದೀಪದ ಎಣ್ಣೆ ಯಾಂಗ್ ಯೋ. ನಮ್ಮ ಸೀಮೆಎಣ್ಣೆಯೇ ಅದು. ಅದೇ ಡಬ್ಬಿ, ಅದೇ ಕಾಲ, ಅದೇ ಹೆಸರಿಡುವ ಬುದ್ಧಿ.

ಪರಂಗಿಯ ಕಥೆ ಇನ್ನೂ ಹತ್ತಿರದ್ದು. ಫ್ರಾಂಕರು ಎಂಬ ಯುರೋಪಿನ ಒಂದು ಜನದ ಹೆಸರು ಅರಬರ ಬಾಯಲ್ಲಿ ಫರಂಜ್, ಪಾರಸಿಯಲ್ಲಿ ಫರಂಗಿ, ಕನ್ನಡದಲ್ಲಿ ಪರಂಗಿ, ಫಿರಂಗಿ. ಚೀನಿಯರು ಅದನ್ನೇ ಫೋಲಾಂಗ್‌ಜೀ ಎಂದು ಪೋರ್ಚುಗೀಸರಿಗೆ ಕಟ್ಟಿದರು, ಅವರ ತೋಪಿಗೂ ಕಟ್ಟಿದರು. ಚಿತ್ರದುರ್ಗದ ಕೋಟೆ ನೋಡಲು ಹೋದ ಮಗು ತೋಪಿಗೆ ಫಿರಂಗಿ ಎನ್ನುವಾಗ ಮಿಂಗ್ ಕಾಲದ ಚೀನೀ ಸೈನಿಕ ಆಡುತ್ತಿದ್ದ ಮಾತನ್ನೇ ಆಡುತ್ತದೆ. ನಾವು ಅದೇ ಹೆಸರನ್ನು ಹಣ್ಣಿಗೂ ಕೊಟ್ಟೆವು, ಪರಂಗಿ ಹಣ್ಣು. ಹುಣ್ಣಿಗೂ ಕೊಟ್ಟೆವು. 16ನೇ ಶತಮಾನದ ಆಯುರ್ವೇದ ಗ್ರಂಥ ‘ಭಾವಪ್ರಕಾಶ’ ಸಿಫಿಲಿಸ್ ರೋಗವನ್ನು ಫಿರಂಗರೋಗ ಎನ್ನುತ್ತದೆ.

ಈ ರೋಗದ ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಇಟಲಿಯವರಿಗೆ ಅದು ಫ್ರೆಂಚ್ ರೋಗ, ಫ್ರೆಂಚರಿಗೆ ನೇಪಲ್ಸ್ ರೋಗ, ನಮಗೆ ಪರಂಗಿ ರೋಗ. ಉತ್ತರ ಚೀನಾದವರಿಗೆ ಅದು ದಕ್ಷಿಣದ ಕ್ಯಾಂಟನ್ ಸೀಮೆಯ ಹುಣ್ಣು. ಜಪಾನಿಯರಿಗೆ ತಾಂಗ್ ಹುಣ್ಣು ಅಥವಾ ರ್‍ಯೂಕ್ಯೂ ಹುಣ್ಣು. ಸಿಹಿಗೆಣಸು ಬಂದ ದಾರಿಯಲ್ಲೇ ಹುಣ್ಣಿನ ಹೆಸರೂ ಬಂದಿದೆ, ಬೆರಳು ತೋರಿಸುವ ರೀತಿಯೂ ಅದೇ. ಗೆಣಸು ಕೊಟ್ಟವರನ್ನು ನೆನೆದದ್ದು ಕಡಿಮೆ. ಹುಣ್ಣಿನ ಹೆಸರು ಹಿಡಿದು ಬಡಿದದ್ದು ಮಾತ್ರ ಬಹಳ. 2020ರಲ್ಲಿ ಕೊರೊನಾ ಬಂದಾಗ ಮಣಿಪುರದ, ನಾಗಾಲ್ಯಾಂಡಿನ ಹುಡುಗ ಹುಡುಗಿಯರನ್ನು ನಮ್ಮ ನಗರಗಳ ಬೀದಿಯಲ್ಲಿ ಚೀನಾದವರು ಎಂದು ಕೂಗಿ ಅಟ್ಟಿದ್ದು ಇದೇ ಸಾಲಿಗೆ ಸೇರುತ್ತದೆ. ಅದಕ್ಕೂ ಮೊದಲು, 2012ರ ಆಗಸ್ಟ್‌ನಲ್ಲಿ, ಮೊಬೈಲಿನಲ್ಲಿ ಹರಿದ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ರೈಲು ಹತ್ತಿದ್ದರು.

ಒಳಗಿನವರು ಯಾರು, ಹೊರಗಿನವರು ಯಾರು ಎಂದು ಗೆರೆ ಎಳೆದವರ ಪಾಡೂ ಸುಲಭದ್ದಲ್ಲ. ಮನು ಹಿಮಾಲಯ ಮತ್ತು ವಿಂಧ್ಯದ ನಡುವಿನದು ಆರ್ಯಾವರ್ತ ಎಂದ. ಆ ಗೆರೆಯಿಂದ ಚಳ್ಳಕೆರೆ, ಮೊಳಕಾಲ್ಮೂರು, ಇಡೀ ಕನ್ನಡನಾಡು ಹೊರಗೆ. ಮರುಶ್ಲೋಕದಲ್ಲೇ ಕೃಷ್ಣಮೃಗ ಸಹಜವಾಗಿ ಓಡಾಡುವ ನೆಲ ಯಜ್ಞಕ್ಕೆ ಯೋಗ್ಯ, ಅದರಾಚೆಯದು ಮ್ಲೇಚ್ಛದೇಶ ಎಂದ. ಚಳ್ಳಕೆರೆಯ ಕಾವಲುಗಳಲ್ಲಿ ಕೃಷ್ಣಮೃಗದ ಹಿಂಡು ಇಂದಿಗೂ ಉಂಟು! ಒಂದು ಶ್ಲೋಕಕ್ಕೆ ನಾವು ಹೊರಗಿನವರು, ಇನ್ನೊಂದಕ್ಕೆ ಒಳಗಿನವರು.

ಅದೇ ಕಾವಲುಗಳಲ್ಲಿ ಈಗ ಬೇರೊಂದು ಗೆರೆ ಬಿದ್ದಿದೆ. ಕುದಾಪುರ, ವರವು, ಉಳ್ಳಾರ್ತಿ ಸುತ್ತಿನ ಸುಮಾರು 10 ಸಾವಿರ ಎಕರೆ ಅಮೃತಮಹಲ್ ಕಾವಲನ್ನು ರಕ್ಷಣಾ ಸಂಶೋಧನೆ, ಇಸ್ರೋ, ಅಣುವಿಜ್ಞಾನ, ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟು ಕಾಂಪೌಂಡು ಎದ್ದಿತು. ವಿಜ್ಞಾನ ಬೇಡ ಎನ್ನುವವನು ನಾನಲ್ಲ. ಆದರೆ ಅಜ್ಜನ ಕಾಲದಿಂದ ಕುರಿ ಮೇಯಿಸಿದ ನೆಲದ ಗೇಟಿನಲ್ಲಿ ಆ ಊರಿನ ಕುರಿಗಾಹಿಯೇ ಗುರುತಿನ ಚೀಟಿ ಇಲ್ಲದ ಹೊರಗಿನವನು. ಊರು ಬಿಟ್ಟು ಒಂದು ಹೆಜ್ಜೆ ಇಡದೆಯೂ ಮನುಷ್ಯ ಪರದೇಶಿ ಆಗಬಲ್ಲ. ಪರದೇಶಿ ಎಂಬ ಮಾತಿಗೆ ನಮ್ಮ ಕಡೆ ಪಾಸ್‌ಪೋರ್ಟಿನ ಅರ್ಥ ಇಲ್ಲವೇ ಇಲ್ಲ. ತಂದೆ ತಾಯಿ ಇಲ್ಲದ, ಹೇಳುವವರು ಕೇಳುವವರು ಇಲ್ಲದ ಮಗುವಿಗೆ ಹೆಂಗಸರು ಮರುಕದಿಂದ ಅನ್ನುವ ಮಾತದು. ಚೀನಿಯರ ಲಾವ್‌ವಾಯ್, ಜಪಾನಿಯರ ಗೈಜಿನ್ ಎರಡೂ ಹೊರಗಿನವನು ಎಂದು ಹೇಳಿ ಸುಮ್ಮನಾಗುತ್ತವೆ. ಹೊರಗಿನವನಾಗುವುದು ಎಂದರೆ ದಿಕ್ಕಿಲ್ಲದವನಾಗುವುದು ಎಂದು ಕನ್ನಡ ನೇರವಾಗಿ ಹೇಳಿತು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಜಡಿದು ಬೆಂಗಳೂರಿಗೆ ಗುಳೆ ಹೋಗುವ ನಾಡಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಈಗ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಬನ್ನಿ. ಊರವರು ಅಕ್ಷರಗುಂಡು ಎನ್ನುತ್ತಿದ್ದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲೂ ಅದರ ಪ್ರತಿಗಳಿವೆ. ಬಿ. ಎಲ್. ರೈಸ್ 1892ರಲ್ಲಿ ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆ ಅದು. ಅಧಿಕಾರಿಗಳ ಆರೋಗ್ಯ ವಿಚಾರಿಸಿ ಶುರುವಾಗುತ್ತದೆ, ತಂದೆ ತಾಯಿಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ನಿಜ ಹೇಳಿ ಎಂದು ತಿಳಿಹೇಳುತ್ತದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯ ಸಾಲಿನಲ್ಲಿ ಬರೆದವನ ಹೆಸರು: ಚಪಡ. ಹೆಸರಿನ ಮುಂದೆ ತಾನು ಲಿಪಿಕಾರ ಎಂದು ಹೇಳಿಕೊಳ್ಳುವ ಐದು ಅಕ್ಷರಗಳನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯಲಿಲ್ಲ. ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದ. ಅದು ಗಾಂಧಾರದ, ಇಂದಿನ ಪೇಶಾವರದ ಕಡೆಯ ಲಿಪಿ. ಲಿಪಿ ಎಂಬ ಶಬ್ದವೇ ಹಳೆಯ ಪಾರಸಿಯ ದಿಪಿಯಿಂದ ಬಂದದ್ದು ಎಂಬುದು ವಿದ್ವಾಂಸರ ಮತ.

ಅವನು ಆ ಸೀಮೆಯಿಂದ ಬಂದವನೋ, ಅಲ್ಲಿ ಕಲಿತು ಬಂದವನೋ, ಅಂತೂ ಚಿನ್ನಹಗರಿಯ ಆಸುಪಾಸಿನ ಈ ಜನಕ್ಕೆ ಅವನ ಕೈಬರಹ ಪೂರ್ತಿ ಹೊರಗಿನದು. ಓದುವವರು ಇಲ್ಲಿ ಯಾರಿದ್ದರು? ಆದರೂ ಬರೆದ. ಸುತ್ತಲಿನವರು ಅವನನ್ನು ಬಡಗಣದವನು ಎಂದಿರಬಹುದು, ಅರ್ಥವಾಗದ ಮಾತಿನವನು ಎಂದಿರಬಹುದು. ಅವರು ಇಟ್ಟ ಹೆಸರು ಯಾವುದೂ ಉಳಿದಿಲ್ಲ, ಅವನೇ ಬರೆದುಕೊಂಡದ್ದು ಉಳಿದಿದೆ. ಕರ್ನಾಟಕದ ನೆಲದಲ್ಲಿ ಕೈಬರಹದ ಜೊತೆ ನಮಗೆ ಸಿಗುವ ಮೊದಲ ಹೆಸರುಗಳಲ್ಲಿ ಒಂದು ಹೀಗೆ ಬಹುಶಃ ಒಬ್ಬ ಪರಸ್ಥಳದವನದು. ಕನ್ನಡಿಗರು ಅಭಿಮಾನದಿಂದ ಹೇಳಿಕೊಳ್ಳಬಹುದಾದ ಸಂಗತಿ ಇದು. ಶಾಲೆಯ ಮಕ್ಕಳಿಗೆ ಅಶೋಕನ ಹೆಸರು ಹೇಳಿಕೊಟ್ಟಷ್ಟು ಚಪಡನ ಹೆಸರನ್ನು ನಾವು ಹೇಳಿಕೊಡುವುದಿಲ್ಲ.

ಇಂದಿನ ಚಪಡರಿಗೆ ಬಂಡೆಯೂ ಇಲ್ಲ, ಉಳಿಯೂ ಇಲ್ಲ. ಬಿಹಾರ, ಒಡಿಶಾ, ಬಂಗಾಳದಿಂದ ನಮ್ಮ ಜಿಲ್ಲೆಗಳ ಗಿರಣಿಗೆ, ರಸ್ತೆ ಕಾಮಗಾರಿಗೆ, ಕಟ್ಟಡದ ಕೆಲಸಕ್ಕೆ ಬಂದವರೆಲ್ಲ ಹಿಂದಿಯವರು. ಅವರಲ್ಲಿ ಒಡಿಯಾ ಆಡುವವರುಂಟು, ಬಂಗಾಳಿ, ಮೈಥಿಲಿ ಆಡುವವರುಂಟು; ನಾವು ಕೇಳುವುದಿಲ್ಲ. ಅಪರಿಚಿತ ಕಂಡರೆ ‘ಯಾವೂರಪ್ಪಾ ನಿಂದು?’ ಎಂದು ವಿಚಾರಿಸದೆ ಬಿಡದ ಜನ ನಾವು. ಮರುಪ್ರಶ್ನೆ ‘ಯಾವ ಜನ?’ ಎಂಬುದು, ಅದರ ವಿಷಯ ಇಲ್ಲಿ ಬೇಡ. ಈ ಹುಡುಗರ ಹತ್ತಿರ ಮೊದಲ ಪ್ರಶ್ನೆಯೂ ಬಾಯಿಗೆ ಬರುವುದಿಲ್ಲ. ‘ಏ ಭಯ್ಯಾ’ ಎಂದರೆ ಕೆಲಸ ನಡೆಯುತ್ತದೆ. ಹಾಜರಿ ಪುಸ್ತಕದಲ್ಲೂ ಹಲವೆಡೆ ಮೇಸ್ತ್ರಿಯ ಹೆಸರು, ಅದರ ಮುಂದೆ ಇಷ್ಟು ಆಳು ಎಂಬ ಅಂಕಿ. ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯ್ದೆ ಪ್ರತಿ ಕೆಲಸಗಾರನಿಗೂ ಅವನ ಫೋಟೊ ಅಂಟಿಸಿದ ಪಾಸ್‌ಬುಕ್ಕನ್ನು ಗುತ್ತಿಗೆದಾರ ಕೊಡಲೇಬೇಕು ಎಂದಿತ್ತು. ಹಾಗೆ ಕೊಟ್ಟವರನ್ನು ಹುಡುಕಬೇಕು.

ಗಿರಣಿ ನಡೆಸುವವರಲ್ಲಿ, ಕಾಮಗಾರಿ ಹಿಡಿಯುವವರಲ್ಲಿ, ಮೇಸ್ತ್ರಿಗಳಲ್ಲಿ ಕೇಳಿಕೊಳ್ಳುವುದು ಇಷ್ಟೇ: ನಾಳೆ ಹಾಜರಿ ಹಾಕುವಾಗ ಆ ಹುಡುಗನ ಹೆಸರನ್ನು, ಅವನ ಊರನ್ನು ಅವನ ಬಾಯಿಂದಲೇ ಕೇಳಿ ಬರೆಯಿರಿ. ಅವನಿಗೆ ಬರೆಯಲು ಬಂದರೆ ಪೆನ್ನು ಅವನ ಕೈಗೇ ಕೊಡಿ, ಅವನ ಅಕ್ಷರದಲ್ಲೇ ಬರೆಯಲಿ.